ಮುಚ್ಚಿದ್ದನ್ನು ತೆರೆದವರು

ಹಳೆಯ ಸರ್ವರ್‌ಗಳಲ್ಲಿ ಮುಚ್ಚಿದ ಡಿಸ್ಕ್ ಗ್ರೂಪ್ ಎರಡನೇ ಸಲವೂ ಅಲ್ಲೇ ತೆರೆದುಕೊಂಡಿತ್ತು. ಪರದೆಯ ಮುಂದೆ ಕೂತಿದ್ದ ಸ್ಟೋರೇಜ್ ಮುಖ್ಯಸ್ಥನ ಮೈಯೆಲ್ಲ ಉರಿದುಹೋಯಿತು. ಒಮ್ಮೆಯಾದರೆ ಆಕಸ್ಮಿಕ ಎನ್ನಬಹುದು. ಇದು ಬೇಕೆಂದೇ ಮಾಡಿದ ಕೆಲಸ.

ಆಸ್ಪತ್ರೆಯ ಸರ್ವರ್‌ಗಳೆಲ್ಲ ಈ ಗ್ರೂಪ್ ಎಂಬ ಒಂದೇ ಡಿಸ್ಕ್ ರಾಶಿಯನ್ನು ಹಂಚಿಕೊಂಡಿದ್ದವು. ಈಗ ನಡೆದಿದ್ದಂತೆ ಹೊಸ ಸರ್ವರ್‌ಗಳಿಗೆ ಹೋಗುವಾಗ ಗ್ರೂಪನ್ನು ಹಳೆಯದರಲ್ಲಿ ಮುಚ್ಚಬೇಕು, ಆಮೇಲೆ ಹೊಸದರಲ್ಲಿ ತೆರೆಯಬೇಕು. ಎರಡೂ ಕಡೆ ತೆರೆದಿದ್ದರೆ ಕತೆ ಮುಗಿಯಿತು. ಒಂದೇ ಹಾಳೆಯ ಮೇಲೆ ಇಬ್ಬರು ಒಟ್ಟಿಗೆ ಬರೆದರೆ ಓದುವುದೇನು, ಮಣ್ಣು? ಆಗಲೇ ನೂರಾರು ರೋಗಿಗಳ ಸ್ಕ್ಯಾನ್ ಚಿತ್ರಗಳು ಕಲಸಿಹೋಗಿದ್ದವು. "ಇದು ಯಾರ ಕೆಲಸವೋ ಅವರು ಇವತ್ತೇ ಮನೆಗೆ," ಎಂದು ನಿರ್ದೇಶಕಿ ಗುಡುಗಿದ್ದರು.

ಗ್ರೂಪ್ ತೆರೆಯಲು ಇದ್ದದ್ದು ಒಂದೇ ಖಾತೆ. ಅದರ ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ: ಮುಖ್ಯಸ್ಥ, ಮತ್ತು ಅವನ ಕೈಕೆಳಗೆ ದುಡಿಯುತ್ತಿದ್ದ ತಂಗಿಯ ಗಂಡ. ತಾನಂತೂ ಮುಟ್ಟಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಅನುಮಾನವೇನೂ ಹೊಸದಲ್ಲ. ಇಷ್ಟು ವರ್ಷಗಳಲ್ಲಿ ಮುಖ್ಯಸ್ಥನ ಡಿಸ್ಕ್‌ಗಳು ಕೈಕೊಟ್ಟದ್ದೇ ಇಲ್ಲ. ಯಾವುದಾದರೂ ಗ್ರೂಪ್ ಮುಚ್ಚಿಕೊಂಡರೂ ಡಾಕ್ಟರಿಗೆ ತಿಳಿಯುವ ಮೊದಲೇ ತೆರೆದಿರುತ್ತಿತ್ತು. ಆ ಹೆಸರಿನ ಮೇಲೇ ಕುರ್ಚಿ ಬಂದದ್ದು. ಭಾವಮೈದುನನಿಗೆ ಆ ಕುರ್ಚಿಯ ಮೇಲೆ ಕಣ್ಣು. ಕೆಲಸ ಕೊಡಿಸಿದ್ದು ಯಾರು ಎಂಬ ನೆನಪೂ ಇಲ್ಲ. ಉಂಡ ಮನೆಗೆ ಎರಡು ಬಗೆಯುವವನು!

ನಿರ್ದೇಶಕಿ ಕರೆದ ಸಭೆಗೆ ಹೋಗುವಾಗ ಆ ಮನುಷ್ಯ ಕಾರಿಡಾರಿನಲ್ಲೇ ತೋಳು ಹಿಡಿದ.

"ಭಾವ, ಒಂದು ನಿಮಿಷ ಈಚೆ ಬನ್ನಿ. ಒಂದು ಮಾತು ಹೇಳ್ಬೇಕು. ನಾವಿಬ್ಬರೇ ಇದ್ರೆ ಒಳ್ಳೇದು."

"ಗುಟ್ಟಿನ ವ್ಯವಹಾರ ನನ್ನ ಹತ್ರ ಬೇಡ. ಹೇಳೋದೇನಿದ್ರೂ ಎಲ್ಲರ ಎದುರಿಗೇ ಹೇಳು."

ಕಾಲು ಹಿಡಿಯಲು ಬಂದಿದ್ದಾನೆ, ಹಿಡಿಯಲಿ, ಎಂದುಕೊಂಡು ಮುಖ್ಯಸ್ಥ ತೋಳು ಬಿಡಿಸಿಕೊಂಡ.

ಒಳಗೆ ನಿರ್ದೇಶಕಿ ಇದು ಯಾರ ಕೆಲಸ ಎಂದು ನೇರವಾಗಿ ಕೇಳಿದರು. ಭಾವಮೈದುನ ಒಂದು ಗಳಿಗೆ ಮುಖ್ಯಸ್ಥನ ನರೆತ ತಲೆಯನ್ನೇ ನೋಡಿದ. ಸುತ್ತ ಕೂತವರನ್ನು ನೋಡಿದ.

"ಜವಾಬ್ದಾರಿ ನನ್ನದೇ, ಮೇಡಂ," ಎಂದ.

"ನನ್ನ ತಂಗಿಯ ಗಂಡ ಅಂತ ನೋಡ್ಬೇಡಿ," ಎಂದ ಮುಖ್ಯಸ್ಥ. ನಿರ್ದೇಶಕಿ ನೋಡಲಿಲ್ಲ. ಸಂಜೆಯೊಳಗೆ ಭಾವಮೈದುನನ ಗುರುತಿನ ಚೀಟಿ ಕಿತ್ತುಕೊಂಡರು. ಇನ್ನು ಈ ರಗಳೆಯೇ ಬೇಡವೆಂದು ಹಳೆಯ ಸರ್ವರ್‌ಗಳ ವಿದ್ಯುತ್ತನ್ನೂ ಆಗಲೇ ತೆಗೆಸಿದರು. ಡಿಸ್ಕ್ ಗ್ರೂಪ್ ಯಾವ ತಂಟೆಯೂ ಇಲ್ಲದೆ ಹೊಸ ಸರ್ವರ್‌ಗಳಲ್ಲಿ ಕೂತಿತು. ಅವನು ಹೋದ, ಕಾಟ ಹೋಯಿತು ಎಂದು ಮುಖ್ಯಸ್ಥ ಕಂಡಕಂಡವರಿಗೆಲ್ಲ ಹೇಳಿದ. ಮನೆಯವನನ್ನೂ ಬಿಡದ ನಿಷ್ಠುರ ಮನುಷ್ಯ ಎಂಬ ಹೊಗಳಿಕೆ ಸಿಕ್ಕಿತು. ಕೇಳಲು ಹಿತವಾಗಿಯೇ ಇತ್ತು.

ರೋಗಿಗಳ ಸ್ಕ್ಯಾನ್ ಕೆಡಿಸಿದವನಿಗೆ ಊರಲ್ಲಿ ಬೇರೆಲ್ಲೂ ಕೆಲಸ ಹುಟ್ಟಲಿಲ್ಲ. ಗಂಡ ಹೆಂಡತಿ ಮನೆ ಖಾಲಿ ಮಾಡುವ ದಿನ ಮುಖ್ಯಸ್ಥ ತಂಗಿಗೆ ನಾಲ್ಕು ಬುದ್ಧಿಮಾತು ಹೇಳಲು ಹೋದ. ಅವಳ ಗಂಡ ಕೆಳಗೆ ಲಾರಿಗೆ ಮಂಚ ಏರಿಸುತ್ತಿದ್ದ. ತಂಗಿ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಬಾ ಎಂದೂ ಅನ್ನಲಿಲ್ಲ.

"ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಾನೇನು ಮಾಡ್ಲಿ, ಹೇಳು?" ಎಂದ.

ತಂಗಿಯ ಕೈ ನಿಂತಿತು.

"ಬಾಯಿ ಬಿಡಬೇಡ ಅಂತ ಇವರು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಾರೆ. ಭಾವನಿಗೆ ಈ ವಯಸ್ಸಲ್ಲಿ ಇನ್ಯಾರು ಕೆಲಸ ಕೊಡ್ತಾರೆ, ನಾನು ಹೇಗೋ ಬದುಕ್ತೀನಿ ಅಂದ್ರು. ಆದ್ರೆ ನಿನ್ನ ಬುದ್ಧಿಮಾತು ಕೇಳೋಕೆ ನನ್ನ ಕೈಲಿ ಆಗಲ್ಲ, ಅಣ್ಣ."

ಲಾರಿಯ ಹಾರ್ನ್ ಕೇಳಿ ಅವಳು ಎದ್ದಳು.

"ಮುಚ್ಚಿದ ಗ್ರೂಪನ್ನ ತಾನಾಗೇ ತೆರೆಯೋ ಪ್ರೋಗ್ರಾಂ ಒಂದು ಹಳೇ ಸರ್ವರ್‌ನಲ್ಲಿತ್ತಂತೆ, ಅದನ್ನ ಎಷ್ಟೋ ವರ್ಷದ ಹಿಂದೆ ಬರೆದಿಟ್ಟು, ಈಗ ನಿಲ್ಲಿಸೋಕೆ ಮರೆತವನು ನೀನು."