ಒಂದು ದಿನದ ಅನುಮತಿ

ಶವಪೆಟ್ಟಿಗೆಯನ್ನು ಚಹಾ ತೋಟದ ಗೇಟಿನ ಮುಂದೆ ಇಳಿಸಿ ಆಗಲೇ ಒಂದು ಗಂಟೆಯಾಗಿತ್ತು. ಗೇಟಿನ ಆಚೆ ನಿಂತ ಮ್ಯಾನೇಜರ್ ಕಬ್ಬಿಣದ ಸರಳುಗಳ ನಡುವೆ ಕೈ ತೂರಿಸಿ ಒಂದು ಕಾಗದ, ಒಂದು ಪೆನ್ನು ಚಾಚಿದ್ದ. ಅವನ ಹಿಂದೆ ದೊಣ್ಣೆ ಹಿಡಿದ ನಾಲ್ವರು ಕಾವಲುಗಾರರು. ಈಚೆ, ಹಾಡು ನಿಲ್ಲಿಸಿದ ನೂರು ಜನ. ಮುಲಾಂಜೆ ಬೆಟ್ಟದ ನೆತ್ತಿಯಲ್ಲಿ ಮೋಡ ಕಪ್ಪಿಡುತ್ತಿತ್ತು.

"ಒಂದು ಸಹಿ ಅಷ್ಟೇ, ಅಮ್ಮ. ಹಾಕಿದ ತಕ್ಷಣ ಬೀಗ ತೆಗೀತೀನಿ. ವಕೀಲರ ಮೇಲೆ ನನಗೂ ಗೌರವ ಇದೆ."

ಎನೆಲೆಸ್ ಕಾಗದ ತೆಗೆದುಕೊಂಡು ಓದಿದಳು. ಇಲ್ಲಿ ಯಾವ ಕಾಲಕ್ಕೂ ದಾರಿ ಇರಲಿಲ್ಲವೆಂದೂ, ತೋಟದವರು ದೊಡ್ಡ ಮನಸ್ಸು ಮಾಡಿ ಈ ಒಂದು ದಿನ ಹೆಣ ಸಾಗಿಸಲು ಅನುಮತಿ ಕೊಟ್ಟಿದ್ದಾರೆಂದೂ ಅದರಲ್ಲಿತ್ತು. ಕೆಳಗೆ ಅವಳ ಹೆಸರು ಆಗಲೇ ಅಚ್ಚಾಗಿತ್ತು.

ಊರಿನ ಸ್ಮಶಾನ ಇದ್ದದ್ದು ತೋಟದ ಮೇಲಣ ಹಳೆಯ ತೋಪಿನಲ್ಲಿ. ಅಲ್ಲಿಗೆ ಹೋಗುವ ಕಾಲುದಾರಿಯನ್ನು ತೋಟದವರು ಕಳೆದ ವರ್ಷ ಬೇಲಿಯೊಳಗೆ ಸೇರಿಸಿಕೊಂಡಿದ್ದರು. ಊರ ಪರವಾಗಿ ಬಿಟ್ಟಿಯಾಗಿ ದಾವೆ ಹೂಡಿದವರು ಎನೆಲೆಸಳ ಗಂಡ, ವಕೀಲ ಲ್ಯಾಟನ್ ಕಲಿಂದೆ. ನಾಳೆ ವಿಚಾರಣೆ. ಮೂರು ದಿನದ ಹಿಂದೆ, ಎಂದಿನ ಹಾಗೆ ಭಾನುವಾರ ಬೆಟ್ಟ ಹತ್ತಿ ಇಳಿಯುವಾಗ, ಸುಧಾರಿಸಿಕೊಳ್ಳಲು ಬಂಡೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಕರಿ ನಿಲುವಂಗಿಯ ಕೆಳಗೆ ಕೆಸರು ಮೆತ್ತಿದ ಬೂಟು ತೊಟ್ಟು ವಾದಿಸಿದ ವಕೀಲರು ಆ ಕೋರ್ಟಿನಲ್ಲಿ ಅವರೊಬ್ಬರೇ. ಸೌದೆ ತಂದದ್ದಕ್ಕೆ ಜೈಲು ಸೇರಿದ ಹೆಂಗಸರನ್ನು ಬಿಡಿಸುತ್ತಿದ್ದರು. ಮಾರನೆಯ ದಿನ ಅವರ ಜೊತೆಗೇ ಕಾಡಿಗೆ ನಡೆದು, ಯಾವ ಮರ ಮುಟ್ಟಬಾರದೆಂದು ಅವರೊಂದಿಗೇ ಜಗಳ ತೆಗೆಯುತ್ತಿದ್ದರು. ಹೋದ ತಿಂಗಳು ಹಿತ್ತಿಲಲ್ಲಿ ಬೂಟಿನ ಕೆಸರು ಕೆರೆಯುತ್ತ ಹೆಂಡತಿಗೆ ಹೇಳಿದ್ದರು: "ಬಲವಂತವಾಗಿ ಮುಚ್ಚಿದ ದಾರೀನ ಕೋರ್ಟು ತೆರೆಸಬಹುದು ಕಣೆ. ನಾವೇ ಅಪ್ಪಣೆ ಕೇಳಿ ನಡೆದ್ವೋ, ಮುಗೀತು. ಆಮೇಲೆ ಅದು ದಾರಿಯಲ್ಲ, ಭಿಕ್ಷೆ."

ಲ್ಯಾಟನ್‌ರ ಸೋದರಮಾವ ಜೊನಾಸಿ ಕೋಲೂರಿಕೊಂಡು ಹತ್ತಿರ ಬಂದರು. ಎಂಬತ್ತು ದಾಟಿದ ಮುದುಕ. ಅಲ್ಲಿನ ರೂಢಿಯಂತೆ ಸತ್ತವನ ವಿಷಯದಲ್ಲಿ ಹೆಂಡತಿಗಿಂತ ಸೋದರಮಾವನ ಮಾತೇ ಮೇಲು.

"ಹಾಕಮ್ಮ ಸಹಿ. ಗುಂಡಿ ತೋಡಿ ಆಗಿದೆ. ಖಾಲಿ ಬಿಟ್ರೆ ಅದು ಇನ್ನೊಬ್ಬರನ್ನ ಕೇಳುತ್ತೆ."

"ಹಾಕಿದ್ರೆ ನಾಳೆ ಕೇಸು ಸತ್ತ ಹಾಗೇ, ಮಾವ."

"ಕೇಸು ನಾಳೇದು. ಹೆಣ ಇವತ್ತಿಂದು."

ಹಿಂದಿನಿಂದ ಯಾರೋ ಗೇಟು ಮುರಿಯೋಣ ಅಂದರು. ಐದಾರು ಮಂದಿ ಆಗಲೇ ಕಲ್ಲು ಎತ್ತಿಕೊಂಡಿದ್ದರು. ಕಾವಲುಗಾರರು ಒಂದು ಹೆಜ್ಜೆ ಮುಂದೆ ಬಂದರು. ಒಂದೇ ಒಂದು ಕಲ್ಲು ಹಾರಿದರೂ ಸಾಕು, ನಾಳೆ ಕೋರ್ಟಿನಲ್ಲಿ ಆ ಕಲ್ಲಿನ ಮಾತೇ ಹೊರತು ದಾರಿಯ ಮಾತಿರುವುದಿಲ್ಲ. ಎನೆಲೆಸ್ ಬೆಟ್ಟದ ಹೊರೆಯಾಳು ಡ್ಯಾಮ್ಸನ್‌ನನ್ನು ಕರೆದು, ಗುಂಡಿ ತೋಡಲು ಯಾವ ಕಡೆಯಿಂದ ಹೋದಿರೆಂದು ಕೇಳಿದಳು. ಬೇಲಿ ಮುಗಿಯುವಲ್ಲಿರುವ ಕೊರಕಲು ಹತ್ತಿಕೊಂಡು ಎಂದ ಅವನು. ಒಬ್ಬೊಬ್ಬರೇ ನುಸುಳಬಹುದು, ಪೆಟ್ಟಿಗೆ ಹಿಡಿಸುವುದಿಲ್ಲ.

"ಬೆನ್ನ ಮೇಲೆ ಹೊತ್ರೆ?"

ಡ್ಯಾಮ್ಸನ್ ಪೆಟ್ಟಿಗೆಯನ್ನೂ ಅವಳನ್ನೂ ನೋಡಿದ. "ಭಾನುವಾರ ಬಂಡೆಯಿಂದ ಕೆಳಗೆ ತಂದಿದ್ದೂ ನಾನೇ ಅಲ್ವಾ, ಅಮ್ಮ."

ಜೊನಾಸಿಯ ಕೋಲು ನೆಲಕ್ಕೆ ಕುಟ್ಟಿತು. "ನನ್ನಕ್ಕನ ಮಗನ್ನ ಮೂಟೆ ಥರ ಹೊರ್ತೀರಾ? ನಾಲ್ಕು ಜನ ಏನಂದಾರು?"

"ನಿಮ್ಮಮ್ಮನ್ನ ಹೇಗೆ ಒಯ್ದ್ರಿ, ಮಾವ?"

ಮುದುಕರು ಗೇಟಿನಾಚೆಯ ಕಾಲುದಾರಿಯತ್ತ ನೋಡಿದರು.

"ಚಾಪೇಲಿ," ಅಂದರು ಕೊನೆಗೆ. "ಇದೇ ದಾರೀಲಿ."

ಆಮೇಲೆ ಕೋಲನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯ ಬಳಿ ಮೊಣಕಾಲೂರಿ, ಮುಚ್ಚಳದ ತಿರುಪು ಬಿಚ್ಚತೊಡಗಿದರು. ನೆಲದಲ್ಲಿ ಕೂತಿದ್ದ ಹೆಂಗಸರು ಎದ್ದು, ತಮ್ಮ ಜೊಂಡಿನ ಚಾಪೆಯ ಧೂಳು ಕೊಡವಿ ಹಾಸಿದರು. ಹೆಣ ಎತ್ತಲು ಕೈಗಳು ಬೇಕಾದವು. ಹಿಡಿದಿದ್ದ ಕಲ್ಲುಗಳು ಒಂದೊಂದಾಗಿ ಕೆಳಗೆ ಬಿದ್ದವು. ಇದು ಸತ್ತವರಿಗೆ ಮರ್ಯಾದೆಯಲ್ಲ ಎಂದು ಮ್ಯಾನೇಜರ್ ಆಚೆಯಿಂದ ಏನೇನೋ ಹೇಳುತ್ತಿದ್ದ. ಯಾರೂ ಅತ್ತ ತಿರುಗಲಿಲ್ಲ. ಡ್ಯಾಮ್ಸನ್ ಬಗ್ಗಿದ. ಚಾಪೆ ಸುತ್ತಿದ ವಕೀಲರನ್ನು ಅವನ ಬೆನ್ನಿಗೆ ಬಟ್ಟೆಯಿಂದ ಬಿಗಿದರು. ಅವನು ಎದ್ದು ನಿಂತಾಗ ಹಾಡು ಮತ್ತೆ ಮೆಲ್ಲಗೆ ಹೊರಟಿತು. ಕೊರಕಲಿನ ಕಡೆಗೆ ಸಾಲು ಹೊರಳಿತು.

ಎನೆಲೆಸ್ ಸಹಿಯಿಲ್ಲದ ಕಾಗದವನ್ನು ಸರಳುಗಳ ನಡುವೆ ಹಿಂದಕ್ಕೆ ಕೊಟ್ಟು ಎಲ್ಲರಿಗಿಂತ ಕೊನೆಗೆ ಹೊರಟಳು. ಗೇಟಿನ ಮುಂದೆ ಬಾಯಿ ತೆರೆದ ಖಾಲಿ ಪೆಟ್ಟಿಗೆ ಮಾತ್ರ ಉಳಿಯಿತು.

"ಏನಮ್ಮ ಇದು," ಮ್ಯಾನೇಜರ್ ದನಿ ಏರಿಸಿದ, "ಪೆಟ್ಟಿಗೇನ ಹೀಗೆ ದಾರಿಗೆ ಅಡ್ಡ ಬಿಟ್ಟು ಹೋದ್ರೆ ಹೇಗೆ?"

ಎನೆಲೆಸ್ ನಿಂತಳು. ಹಾಡು ನಿಂತಿತು. ಸಾಲಿಗೆ ಸಾಲೇ ನಿಂತು ತಿರುಗಿ ನೋಡಿತು.

"ಯಾವುದಕ್ಕೆ ಅಡ್ಡ ಅಂದ್ರಿ?"

ಮ್ಯಾನೇಜರ್ ಹೇಳಲು ಬಾಯಿ ತೆರೆದ. ಕೈಯಲ್ಲಿದ್ದ ಕಾಗದ ನೋಡಿದ. ಬಾಯಿ ಮುಚ್ಚಿಕೊಂಡ.