ಮುಂದಿನ ಚಕ್ರದ ಗಾಳಿ

ಲಾಕ್‌ಡೌನ್‌ನಲ್ಲಿ ವ್ಯಾಯಾಮವಾಗಲೆಂದು ಹೆಂಡತಿ ಮಗಳ ಸೈಕಲ್ ಹತ್ತಿದಂದಿನಿಂದ ಅವನಿಗೆ ಬೆಳಗಿನ ಕಾಫಿ ರುಚಿಸುತ್ತಿರಲಿಲ್ಲ.

“ಹಾಲಿನ ಬೂತ್‌ವರೆಗೆ ಹೋಗಿ ವಾಪಸ್ ಬಾ, ಸಾಕು. ಅದರಾಚೆ ಪೊಲೀಸರು ಹಿಡೀತಾರೆ.”

“ಎದುರುಮನೆಯವರು ದಿನಾ ಕೆರೆ ಏರಿವರೆಗೂ ಹೋಗ್ತಾರಲ್ಲ, ಅವರನ್ನ ಹಿಡಿದ್ರಾ?”

ಅವನ ಹೊಟ್ಟೆ ಉರಿಯುತ್ತಿದ್ದದ್ದೇ ಆ ಎದುರುಮನೆಯವನನ್ನು ಕಂಡು. ಒಂಟಿ ಆಸಾಮಿ, ಮೇಲೆ ಬಣ್ಣದ ಹೆಲ್ಮೆಟ್ ಬೇರೆ.

ವಾದದಲ್ಲಿ ಸೋತವನು ಸಂಜೆ ಅವಳು ದೇವರಿಗೆ ದೀಪ ಹಚ್ಚುತ್ತಿದ್ದಾಗ ಹೋಗಿ ಸೈಕಲ್ಲಿನ ಮುಂದಿನ ಚಕ್ರದ ಗಾಳಿ ಬಿಟ್ಟ. ಸೈಕಲ್ ಅಂಗಡಿಗಳೆಲ್ಲ ಮುಚ್ಚಿದ್ದವು. ಅವಳ ಸವಾರಿ ಮುಗಿದಂತೆಯೇ ಎಂದುಕೊಂಡ.

ಬೆಳಿಗ್ಗೆ ಅವಳು ಸೈಕಲ್ ತಳ್ಳಿಕೊಂಡು ನೇರ ಎದುರುಮನೆಯ ಗೇಟಿಗೆ ಹೋದಳು. ಆ ಆಸಾಮಿ ಪಂಪ್ ಹಿಡಿದು ಓಡೋಡಿ ಬಂದ. ಗಾಳಿ ತುಂಬುವಷ್ಟು ಹೊತ್ತೂ ಇಬ್ಬರ ನಗು ಕಿಟಕಿಯವರೆಗೆ ಕೇಳಿಸಿತು.

“ಅಷ್ಟೊಂದು ನಗೋಂಥದ್ದೇನಿತ್ತು?”

“ಮಾಸ್ಕ್ ಹಾಕ್ಕೊಂಡೇ ನಕ್ಕಿದ್ದು ಕಣ್ರೀ.”

ಆ ಸಂಜೆ ಅವನು ಗಾಳಿ ಬಿಡುವ ಗೋಜಿಗೇ ಹೋಗಲಿಲ್ಲ. ಎರಡೂ ಚಕ್ರ ಒತ್ತಿ ನೋಡಿ, ಕಲ್ಲಿನಂತೆ ಗಟ್ಟಿಯಾಗಿವೆ ಎಂದು ಖಾತ್ರಿಯಾದ ಮೇಲೆಯೇ ಮಲಗಿದ.

ಬೆಳಿಗ್ಗೆ ಅವನು ಏಳುವ ಹೊತ್ತಿಗೆ ಹೆಂಡತಿ ಸೈಕಲ್ಲನ್ನು ಎದುರುಮನೆಯತ್ತ ತಳ್ಳಿಕೊಂಡು ಹೋಗುತ್ತಿದ್ದಳು. ಈ ಸಲ ಎರಡೂ ಚಕ್ರದಲ್ಲಿ ಗಾಳಿ ಇರಲಿಲ್ಲ.