ಒಂಬತ್ತು ಒತ್ತುವವನು

ಜಾಸ್ಮಿನಳನ್ನು ಗಂಡ ಕೂಡಿಹಾಕಿದ್ದಾನೆ. ಕಂಪ್ಯೂಟರಿನ ಮುಂದೆ ಕೂತಿದ್ದ ನರ್ಸ್ ಸುನೀತಾಗೆ ಈಗ ಸಂಶಯವೇ ಉಳಿಯಲಿಲ್ಲ.

ಸಿಂದಗಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಬಾಣಂತಿಯರ ಮನೆಗೆ ಹೋಗಿಬರುವ ಕೆಲಸ ನಿಂತುಹೋಗಿತ್ತು. ದಿನಾ ಬೆಳಿಗ್ಗೆ ಯಂತ್ರವೇ ಫೋನ್ ಮಾಡುತ್ತಿತ್ತು; ಅವಳಿ ಹೆತ್ತವರಿಗಾದರೆ: ‘ನೀವು, ನಿಮ್ಮ ಎರಡೂ ಮಕ್ಕಳು ಆರಾಮಾಗಿದ್ದರೆ ಒಂದನ್ನು ಒತ್ತಿ. ಪ್ರಶ್ನೆ ಮತ್ತೆ ಕೇಳಲು ಒಂಬತ್ತನ್ನು ಒತ್ತಿ.’ ಯಂಕಂಚಿಯ ಜಾಸ್ಮಿನ ಅವಳಿ ಹೆತ್ತು ಮನೆಗೆ ಹೋಗಿ ತಿಂಗಳಾಗಿತ್ತು. ಅವಳ ಫೋನಿನಿಂದ ದಿನವೂ ತಪ್ಪದೆ ಒಂದು. ಪರದೆಯ ತುಂಬ ಹಸಿರು.

ಆದರೆ ಆ ಒಂದಕ್ಕೂ ಮೊದಲು ಹತ್ತು, ಹನ್ನೆರಡು ಸಲ ಒಂಬತ್ತು. ಯಾರು ತಡೆಯುತ್ತಿದ್ದರು ಅವಳ ಕೈಯನ್ನು?

ಸುನೀತಾ ತಾನೇ ಫೋನ್ ಮಾಡಿದಳು. ಎತ್ತಿದವನು ಗಂಡ ಆರಿಫ.

“ಆಕಿ ಆರಾಮ ಅದಾಳ್ರಿ.”

“ಆಕಿ ಕೈಯಾಗ ಕೊಡ್ರಿ.”

“ಕೊಡಾಕ ಆಗಂಗಿಲ್ರಿ.” ಫೋನ್ ಕಟ್ಟಾಯಿತು.

ಸುನೀತಾ ಮುಂದಿನ ಬಸ್ಸಿಗೇ ಯಂಕಂಚಿಗೆ ಹೊರಟಳು. ಮನೆಯ ಮುಂದಿನ ವೆಲ್ಡಿಂಗ್ ಶೆಡ್ಡಿನಿಂದ ಎದ್ದು ಬಂದ ಆರಿಫ, ಬಾಗಿಲಿಗೆ ಅಡ್ಡ ನಿಂತ.

“ಒಳಗ ಹೋಗ್ರಿ, ಅಕ್ಕಾರ. ಆ ಫೋನಿನ ಮಾತ ಮಾತ್ರ ಆಕಿ ಮುಂದ ತೆಗೀಬ್ಯಾಡ್ರಿ.”

ಸುನೀತಾ ಅಂದುಕೊಂಡದ್ದು ಇನ್ನಷ್ಟು ಗಟ್ಟಿಯಾಯಿತು.

ಒಳಗೆ ಜಾಸ್ಮಿನ ಕೂಸಿಗೆ ಹಾಲೂಡಿಸುತ್ತಿದ್ದಳು. ಕೈಮೇಲೆ, ಕುತ್ತಿಗೆಯಲ್ಲಿ ಎಲ್ಲೂ ಗಾಯದ ಗುರುತಿಲ್ಲ. ಕಣ್ಣು ಮಾತ್ರ ಊದಿದ್ದವು.

“ಚಲೋ ನೋಡ್ಕೋತಾನೇನವ್ವಾ?” ಸುನೀತಾ ದನಿ ತಗ್ಗಿಸಿದಳು.

“ಭಾಳ ಚಲೋ ನೋಡ್ಕೋತಾರ್ರಿ. ಅವರನ್ನ ನೋಡ್ಕೊಳ್ಳಾವ್ರ ಯಾರಿಲ್ಲ.”

ಸುನೀತಾ ಸುತ್ತ ಕಣ್ಣಾಡಿಸಿದಳು. ಒಂದೇ ಕೂಸು. ದಡದಡ ಹೊರಗೆ ಬಂದಳು.

“ಇನ್ನೊಂದು ಕೂಸು ಎಲ್ಲೈತಿ?”

ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದ ಆರಿಫ ನೆಲ ನೋಡಿದ. “ಹೋಗಿ ಇಪ್ಪತ್ತು ದಿನ ಆತ್ರಿ. ನ್ಯುಮೋನಿಯಾ ಅಂದ್ರು ಬಿಜಾಪುರದಾಗ.”

“ಮತ್ತ ದಿನಾ ಒಂದು ಒತ್ತಿ ಸುಳ್ಳ ಯಾಕ…”

ಅವನು ಮುಖವೆತ್ತಿದ. ಸುನೀತಾ ಅವನ ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದಳು: “ಏನಂತ ಹೆಸರಿಟ್ಟಿದ್ರಿ?”

“ಅಶ್ಫಾಕ,” ಎಂದವನೇ ಬಿಕ್ಕಿದ. ತುಸು ಹೊತ್ತಾದ ಮೇಲೆ ಒರಟು ಅಂಗೈಯಿಂದ ಮುಖ ಒರೆಸಿಕೊಂಡ.

“ಮಣ್ಣ ಕೊಟ್ಟ ಬಂದ ಮ್ಯಾಲೆ ಯಾರೂ ಅವನ ಸುದ್ದಿ ತೆಗೀವಲ್ರು, ಅಕ್ಕಾರ. ‘ಎರಡೂ ಮಕ್ಕಳು’ ಅಂತ ಇನ್ನೂ ಕೇಳೂದು ಆ ಫೋನೊಂದ ರೀ.”